ಗದುಗಿನಿಂದ ನೈರೋಬಿಗೆ: ಸುನೀಲ್ ಜೋಶಿ ಕ್ರಮಿಸಿದ ದಾರಿ



ವಿರೂಪಾಪುರಗಡ್ಡೆಯಲ್ಲಿ ನಿಂತು ಒಮ್ಮೆ ಸುತ್ತ ನೋಡಿ. ಎದುರಿಗೆ ತುಂಗಭದ್ರೆ, ಹೊಳೆಯಾಚೆ ಹಂಪಿಯ ವಿರೂಪಾಕ್ಷನ ಗೋಪುರ, ಈಚೆ ಬತ್ತದ ಗದ್ದೆ, ಉಳಿದಂತೆ ಕಣ್ಣು ಹಾಯಿಸಿದಲ್ಲೆಲ್ಲ ಬಂಡೆಗಲ್ಲು. ನೋಡಬಂದವರಿಗೆ ಇದು ಚೆಲುವಾದ ತಾಣ. ಆದರೆ ಇಲ್ಲಿಯ ಒಬ್ಬ ಹುಡುಗನಿಗೋ ಹುಡುಗಿಗೋ ಕ್ರಿಕೆಟ್ಟಿನ ಹುಚ್ಚು ಹಿಡಿದಿದೆ ಎಂದಿಟ್ಟುಕೊಳ್ಳಿ. ಮೊದಲು 22 ಗಜದಷ್ಟು ಸಮನೆಲ ಹುಡುಕಬೇಕು. ಆಮೇಲೆ ತಿದ್ದಿ ಹೇಳಿಕೊಡುವ ಒಬ್ಬ ಗುರು ಬೇಕು. ಅದಕ್ಕೆ ಗಂಗಾವತಿಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಇನ್ನೂ ಮುಂದಕ್ಕೆ. ರಾಜ್ಯ ತಂಡದ ಆಯ್ಕೆ ನಡೆಯುವ ಬೆಂಗಳೂರು ಸುಮಾರು 350 ಕಿಲೋಮೀಟರ್ ಆಚೆಗಿದೆ. ಆಟದಲ್ಲಿ ಎದುರಾಳಿ ಕಾಣಿಸಿಕೊಳ್ಳುವ ಮೊದಲೇ ದೂರ ಎಂಬ ಎದುರಾಳಿ ಎದ್ದು ನಿಂತಿರುತ್ತದೆ.

ಈ ಎದುರಾಳಿಯನ್ನು ಗೆದ್ದ ಒಬ್ಬ ಆಟಗಾರರ ಕಥೆಯನ್ನು ಈ ಪುಟಗಳಲ್ಲಿ ಓದೋಣ. ಅವರ ಊರು ನಿಮಗೆ ಹೊಸದಲ್ಲ. ಕೊಪ್ಪಳದಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಹತ್ತಿದರೆ ನಡುವೆ ಸಿಗುವ ದೊಡ್ಡ ನಿಲ್ದಾಣ ಗದಗ. ಅಲ್ಲಿ 1970ರ ಜೂನ್ 6ರಂದು ಹುಟ್ಟಿದವರು ಸುನೀಲ್ ಬಂಡಾಚಾರ್ಯ ಜೋಶಿ. ಎಡಗೈ ಸ್ಪಿನ್ ಬೌಲರ್, ಎಡಗೈ ಬ್ಯಾಟ್ಸ್‌ಮನ್. ಭಾರತದ ಪರವಾಗಿ ಅವರು ಆಡಿದ್ದು 15 ಟೆಸ್ಟ್ ಪಂದ್ಯ, 69 ಒಂದು ದಿನದ ಪಂದ್ಯ.

ಹದಿನೈದೇ ಟೆಸ್ಟ್ ಆಡಿದವರ ಬಗ್ಗೆ ಒಂದು ಇಡೀ ಲೇಖನವೇ ಎಂದು ನೀವು ಕೇಳಬಹುದು. 132 ಟೆಸ್ಟ್ ಆಡಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆ ನಮ್ಮವರೇ ಅಲ್ಲವೇ? ಹೌದು. ಆದರೆ ಶಿಖರ ಏರಿದವರ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಶಿಖರದ ಬಳಿಗೆ ಹೋಗಿ, ಅಲ್ಲಿ ಜಾಗ ಭರ್ತಿಯಾಗಿದ್ದಾಗಲೂ ತನ್ನ ಕೆಲಸ ಬಿಡದವರ ಚರಿತ್ರೆಯಿಂದ ನಾವು ಕಲಿಯುವುದು ಬೇರೆ.

ಗದುಗಿನ ಇಬ್ಬರು ಜೋಶಿಗಳು

ಗದಗ ಎಂದೊಡನೆ ಕನ್ನಡ ಓದುವವರಿಗೆ ಕುಮಾರವ್ಯಾಸ ನೆನಪಾಗುತ್ತಾನೆ, ಸಂಗೀತ ಕೇಳುವವರಿಗೆ ವೀರೇಶ್ವರ ಪುಣ್ಯಾಶ್ರಮ ಮತ್ತು ಪಂಡಿತ ಭೀಮಸೇನ ಜೋಶಿ. ಬಾಲಕ ಭೀಮಸೇನ ಗುರುವನ್ನು ಹುಡುಕುತ್ತ ಮನೆ ಬಿಟ್ಟು ರೈಲು ಹತ್ತಿ ಉತ್ತರ ಭಾರತದಲ್ಲೆಲ್ಲ ಅಲೆದು, ಕೊನೆಗೆ ತನ್ನ ಸೀಮೆಯ ಕುಂದಗೋಳದಲ್ಲೇ ಸವಾಯಿ ಗಂಧರ್ವರನ್ನು ಗುರುವಾಗಿ ಪಡೆದ ಸಂಗತಿ ಪ್ರಸಿದ್ಧವಾಗಿದೆ. ಹಾಡುಗಾರಿಕೆಯಾಗಲಿ, ಚೆಂಡಾಟವಾಗಲಿ, ಕಲಿಯಲು ಹೊರಟವನಿಗೆ ಮೊದಲ ಪಾಠ ಪ್ರಯಾಣವೇ.

ಸುನೀಲ್ ಜೋಶಿ ಬಾಲಕರಾಗಿದ್ದಾಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ರಾಯಚೂರಿನಿಂದ ಬೇರ್ಪಟ್ಟು ನಿಮ್ಮ ಕೊಪ್ಪಳ ಜಿಲ್ಲೆಯಾದ ವರ್ಷವೇ. ಕ್ರಿಕೆಟ್ ಅಭ್ಯಾಸಕ್ಕೆ ತಕ್ಕ ಸೌಕರ್ಯ ಇದ್ದದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ. ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುವುದು ಈ ಬಾಲಕನ ದಿನಚರಿಯಾಗಿತ್ತು.

ಇದನ್ನು ಓದಿ 'ಎಂಥ ಛಲ!' ಎಂದು ಮೆಚ್ಚಿ ಮುಂದಕ್ಕೆ ಹೋಗುವುದು ಸುಲಭ. ಸ್ವಲ್ಪ ನಿಂತು ಲೆಕ್ಕ ಹಾಕಿ. ಹೋಗಿ ಬರಲು ದಿನಕ್ಕೆ 120 ಕಿಲೋಮೀಟರ್. ವಾರಕ್ಕೆ ಐದು ದಿನ ಹೋದರೆ 600. ವಾರಕ್ಕೆ ಹತ್ತು ಗಂಟೆಗೂ ಮಿಕ್ಕಿ ಬರೀ ದಾರಿಯಲ್ಲೇ ಕಳೆಯುತ್ತದೆ. ಮೈದಾನದ ಪಕ್ಕದಲ್ಲೇ ಮನೆಯಿರುವ ಹುಡುಗ ಆ ಹೊತ್ತಿನಲ್ಲಿ ಚೆಂಡು ಎಸೆಯುತ್ತಿರುತ್ತಾನೆ, ಇಲ್ಲವೇ ನಿದ್ದೆ ಮಾಡುತ್ತಿರುತ್ತಾನೆ. ಇಬ್ಬರೂ ಒಂದೇ ಆಯ್ಕೆ ಸಮಿತಿಯ ಮುಂದೆ ನಿಂತಾಗ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಎಡಗೈ ಸ್ಪಿನ್ನಿನ ಗುಟ್ಟು

ಜೋಶಿಯವರ ಸಾಧನೆ ತಿಳಿಯಬೇಕಾದರೆ ಅವರ ಅಸ್ತ್ರ ಯಾವುದೆಂದು ತಿಳಿದಿರಬೇಕು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕೊಂಚ ಗಮನ ಕೊಡಿ.

ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಸ್ಪಿನ್ ಬೌಲರ್ ಅದನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎಸೆದರೆ ಸೆಕೆಂಡಿಗೆ 22 ಮೀಟರ್ ಆಯಿತು. ಬೌಲರನ ಕೈಯಿಂದ ಬ್ಯಾಟಿಗೆ ಇರುವ ದೂರ ಹೆಚ್ಚು ಕಡಿಮೆ 18 ಮೀಟರ್. ಅಂದರೆ ದಾಂಡಿಗನಿಗೆ ಸಿಗುವ ಕಾಲಾವಕಾಶ ಒಂದು ಸೆಕೆಂಡಿಗಿಂತ ಕಡಿಮೆ. ವೇಗದ ಬೌಲರನಿಗೆ ಹೋಲಿಸಿದರೆ ಇದು ಧಾರಾಳ. ಹಾಗಾದರೆ ಸ್ಪಿನ್ನರ್ ವಿಕೆಟ್ ಪಡೆಯುವುದು ಹೇಗೆ? ದಾಂಡಿಗನ ಅಂದಾಜು ತಪ್ಪಿಸಿ.

ಎಡಗೈ ಸ್ಪಿನ್ನರ್ ಬೆರಳುಗಳಿಂದ ಚೆಂಡನ್ನು ತಿರುವಿ ಬಿಡುತ್ತಾನೆ. ಗಿರಕಿ ಹೊಡೆಯುತ್ತ ಸಾಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನೂ ಎಳೆಯುತ್ತದೆ. ಒಂದು ಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಚೆಂಡು ಆ ಕಡೆಗೆ ಬಾಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು. ಬಲಗೈ ದಾಂಡಿಗನಿಗೆ ಎಡಗೈ ಸ್ಪಿನ್ನರನ ಚೆಂಡು ಗಾಳಿಯಲ್ಲಿ ಒಳಕ್ಕೆ ಬಂದಂತೆ ಕಾಣುತ್ತದೆ. ನೆಲಕ್ಕೆ ಬಿದ್ದ ಮೇಲೆ ಹೊರಕ್ಕೆ ತಿರುಗುತ್ತದೆ. ಒಳಬರುವ ಚೆಂಡಿಗೆಂದು ಬ್ಯಾಟು ಚಾಚಿದವನ ಬ್ಯಾಟಿನ ಅಂಚಿಗೆ ಚೆಂಡು ತಾಗುತ್ತದೆ. ಮುಂದಿನದು ವಿಕೆಟ್ ಕೀಪರನ ಅಥವಾ ಸ್ಲಿಪ್ಪಿನಲ್ಲಿ ನಿಂತವನ ಕೆಲಸ.

ಇದು ಕೇಳಲು ಸರಳ. ಆದರೆ ದಿನಕ್ಕೆ ಮೂವತ್ತು ಓವರ್, ಅಂದರೆ 180 ಸಲ, ಚೆಂಡನ್ನು ಒಂದೇ ಅಂಗೈಯಗಲದ ಜಾಗದಲ್ಲಿ ಬೀಳಿಸುವುದು ಸರಳವಲ್ಲ. ಇದಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಅಭ್ಯಾಸ ಮತ್ತು ತಾಳ್ಮೆ. ಬೆಳಗಿನ ಜಾವದ ಪ್ರಯಾಣಗಳು ಈ ಬೌಲರನಿಗೆ ಕಲಿಸಿದ್ದೂ ಅವನ್ನೇ ಇರಬೇಕು.

ಕರ್ನಾಟಕದ ಆ ದಿನಗಳು

ಜೋಶಿ ಕರ್ನಾಟಕ ತಂಡಕ್ಕೆ ಬಂದದ್ದು 1992-93ರಲ್ಲಿ. ಆಗ ನಮ್ಮ ರಾಜ್ಯದ ಕ್ರಿಕೆಟ್ ಏರುದಾರಿಯಲ್ಲಿತ್ತು. 1995-96, 1997-98, 1998-99, ಹೀಗೆ ನಾಲ್ಕು ಋತುಗಳಲ್ಲಿ ಮೂರು ಸಲ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಜೋಶಿಯವರ ಹೆಸರು ದೇಶಕ್ಕೆ ಕೇಳಿಸಿದ್ದು ಇವುಗಳಲ್ಲಿ ಮೊದಲನೆಯ ಋತುವಿನಲ್ಲಿ. 1995-96ರ ರಣಜಿಯಲ್ಲಿ ಅವರು 529 ರನ್ ಹೊಡೆದು 52 ವಿಕೆಟ್ ಪಡೆದರು. ಒಂದೇ ಋತುವಿನಲ್ಲಿ 500 ರನ್ ಮತ್ತು 50 ವಿಕೆಟ್ ಎರಡೂ ಒಬ್ಬನಿಗೇ ಒದಗುವುದು ಬಲು ಅಪರೂಪ. ಬ್ಯಾಟಿನಲ್ಲಿ ಒಬ್ಬ, ಬೌಲಿಂಗಿನಲ್ಲಿ ಒಬ್ಬ, ಹೀಗೆ ಇಬ್ಬರು ಆಟಗಾರರ ಕೆಲಸವನ್ನು ಅವರೊಬ್ಬರೇ ಮಾಡಿದ್ದರು.

ಅದರ ಫಲವಾಗಿ 1996ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೊರಟ ಭಾರತ ತಂಡದಲ್ಲಿ ಸ್ಥಾನ ಸಿಕ್ಕಿತು. ಎಜ್‌ಬಾಸ್ಟನ್ ಮೈದಾನದಲ್ಲಿ ಮೊದಲ ಟೆಸ್ಟ್ ಆರಂಭವಾದದ್ದು ಜೂನ್ 6ರಂದು. ಹುಟ್ಟಿದ ತಾರೀಖನ್ನು ನೆನಪಿಸಿಕೊಳ್ಳಿ: ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದಂದೇ ಗದುಗಿನ ಜೋಶಿ ಟೆಸ್ಟ್ ಆಟಗಾರರಾದರು. ಆ ಪಂದ್ಯದಲ್ಲಿ ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಅವರ ಜೊತೆಗೆ ವೆಂಕಟೇಶ್ ಪ್ರಸಾದ್ ಕೂಡ ಇದ್ದರು. ಪ್ರಸಾದರಿಗೂ ಅದು ಮೊದಲ ಟೆಸ್ಟ್. ಅದೇ ವರ್ಷ ಅಕ್ಟೋಬರಿನಲ್ಲಿ ನಡೆದ ಟೈಟನ್ ಕಪ್ ಪಂದ್ಯಾವಳಿಯ ಭಾರತ ತಂಡದಲ್ಲಿ ಕರ್ನಾಟಕದವರೇ ಆರು ಮಂದಿ ಇದ್ದರು: ಶ್ರೀನಾಥ್, ಕುಂಬ್ಳೆ, ಪ್ರಸಾದ್, ರಾಹುಲ್ ದ್ರಾವಿಡ್, ಸುಜಿತ್ ಸೋಮಸುಂದರ್ ಮತ್ತು ಜೋಶಿ.

ಈ ಸಂಗತಿ ನಮಗೆ ಹೆಮ್ಮೆಯದು. ಆದರೆ ಜೋಶಿಯವರ ಕಷ್ಟದ ಬೀಜವೂ ಇದರಲ್ಲೇ ಇತ್ತು.

ಜಾಗ ಒಂದು, ಅರ್ಹರು ಹಲವರು

ಕ್ರಿಕೆಟ್ ತಂಡದಲ್ಲಿ ಹನ್ನೊಂದು ಮಂದಿ. ಸ್ಪಿನ್ನರುಗಳಿಗೆ ಸಿಗುವುದು ಸಾಮಾನ್ಯವಾಗಿ ಎರಡು ಜಾಗ, ವಿದೇಶದಲ್ಲಿ ಹಲವು ಸಲ ಒಂದೇ. ಆ ಮೊದಲ ಜಾಗ ಕುಂಬ್ಳೆ ಅವರದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಉಳಿದ ಒಂದಕ್ಕೆ ಜೋಶಿ ಇತರರೊಡನೆ ಸೆಣಸಬೇಕಿತ್ತು.

ಇಂಥ ಸ್ಥಿತಿ ಅವರೊಬ್ಬರಿಗೇ ಬಂದದ್ದಲ್ಲ. ಹರಿಯಾಣದ ರಾಜಿಂದರ್ ಗೋಯಲ್ ಕೂಡ ಎಡಗೈ ಸ್ಪಿನ್ನರ್. ರಣಜಿ ಟ್ರೋಫಿಯಲ್ಲಿ ಅವರು ಪಡೆದದ್ದು 637 ವಿಕೆಟ್. ಆಡಿದ ಟೆಸ್ಟ್ ಒಂದೂ ಇಲ್ಲ. ಕಾರಣ, ಅವರ ಕಾಲದಲ್ಲೇ ಬಿಷನ್ ಸಿಂಗ್ ಬೇಡಿ ಇದ್ದರು. ಯೋಗ್ಯತೆ ಇದ್ದರೆ ಸಾಕು, ಫಲ ತಾನಾಗಿ ಬರುತ್ತದೆ ಎಂದು ಹಿರಿಯರು ನಿಮಗೆ ಹೇಳಿರಬಹುದು. ಚರಿತ್ರೆ ಹೇಳುವುದು ಬೇರೆ: ಯೋಗ್ಯತೆ ಬೇಕು, ಅದರ ಜೊತೆಗೆ ನೀವು ಬಾಗಿಲಿಗೆ ಬಂದ ಹೊತ್ತಿನಲ್ಲಿ ಒಳಗೆ ಜಾಗ ಇರಬೇಕು.

1999ರ ಜನವರಿಯಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನದ ಎದುರು ನಡೆದ ಟೆಸ್ಟ್ ಬಗ್ಗೆ ನೀವು ಕೇಳಿರುತ್ತೀರಿ. ಬೆನ್ನುನೋವಿನಲ್ಲೂ 136 ರನ್ ಹೊಡೆದ ಸಚಿನ್ ತೆಂಡೂಲ್ಕರ್ ಔಟಾದಾಗ ಗೆಲುವಿಗೆ ಬೇಕಿದ್ದದ್ದು 17 ರನ್. ಉಳಿದ ಮೂರು ವಿಕೆಟ್ಟುಗಳು ನಾಲ್ಕು ರನ್ನಿಗೆ ಬಿದ್ದವು. ಭಾರತ 12 ರನ್ನಿನಿಂದ ಸೋತಿತು. ಹಾಗೆ ಔಟಾದ ಮೂವರಲ್ಲಿ ಜೋಶಿಯೂ ಒಬ್ಬರು. ಮುಂದಿನ ಟೆಸ್ಟ್ ದೆಹಲಿಯಲ್ಲಿ. ಅಲ್ಲಿ ಕುಂಬ್ಳೆ 74 ರನ್ ಕೊಟ್ಟು ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ ಪಡೆದು ಚರಿತ್ರೆ ನಿರ್ಮಿಸಿದರು. ಆ ಹನ್ನೊಂದರ ತಂಡದಲ್ಲಿ ಜೋಶಿ ಇರಲಿಲ್ಲ.

ಅರವತ್ತು ಚೆಂಡು, ಆರು ರನ್

ಅದೇ ವರ್ಷದ ಸೆಪ್ಟೆಂಬರ್ 26. ಸ್ಥಳ ಕೀನ್ಯದ ರಾಜಧಾನಿ ನೈರೋಬಿ. ಎಲ್‌ಜಿ ಕಪ್ ಪಂದ್ಯಾವಳಿಯಲ್ಲಿ ಭಾರತದ ಎದುರಾಳಿ ದಕ್ಷಿಣ ಆಫ್ರಿಕಾ. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಜೊತೆ ಸಮಬಲ ಸಾಧಿಸಿಯೂ ಫೈನಲ್ ತಪ್ಪಿಸಿಕೊಂಡಿದ್ದ ಬಲಾಢ್ಯ ತಂಡ ಅದು.

ಆ ದಿನ ಜೋಶಿಯವರ ಬೌಲಿಂಗ್ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್.

ಈ ನಾಲ್ಕು ಅಂಕಿಗಳನ್ನು ಬಿಡಿಸಿ ನೋಡಿ. ಹತ್ತು ಓವರ್ ಎಂದರೆ 60 ಚೆಂಡು. ಆರು ಮೇಡನ್ ಎಂದರೆ ಅದರಲ್ಲಿ 36 ಚೆಂಡುಗಳಿಗೆ ಒಂದು ರನ್ನೂ ಇಲ್ಲ. ಉಳಿದ 24 ಚೆಂಡುಗಳಿಗೆ ಒಟ್ಟು ಆರು ರನ್. ಓವರಿಗೆ ಐದಾರು ರನ್ ಕೊಡುವುದು ಸಹಜವಾಗಿದ್ದ ಒಂದು ದಿನದ ಆಟದಲ್ಲಿ ಇವರು ಕೊಟ್ಟದ್ದು ಹತ್ತು ಓವರಿಗೆ ಅಷ್ಟು. ಔಟಾದವರು ಬಾಲಂಗೋಚಿಗಳಲ್ಲ: ಡಿಪೆನಾರ್, ಹರ್ಷೆಲ್ ಗಿಬ್ಸ್, ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್, ಶಾನ್ ಪೊಲಾಕ್. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು. ಭಾರತ ಎಂಟು ವಿಕೆಟ್ಟುಗಳಿಂದ ಗೆದ್ದಿತು. ಜೋಶಿ ಪಂದ್ಯಪುರುಷರಾದರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಗಾಳಿ ತೆಳುವಾದಷ್ಟೂ ಮ್ಯಾಗ್ನಸ್ ಪರಿಣಾಮ ಕಡಿಮೆ, ಚೆಂಡು ಗಾಳಿಯಲ್ಲಿ ಬಾಗುವುದೂ ಕಡಿಮೆ. ಅಂಥಲ್ಲಿ ಬೌಲರನ ಕೈಯಲ್ಲಿ ಮುಖ್ಯವಾಗಿ ಉಳಿಯುವುದು ಚೆಂಡು ಬೀಳಿಸುವ ಜಾಗದ ಕರಾರುವಾಕ್ಕು ಮತ್ತು ನೆಲ ಕೊಡುವ ತಿರುವು. ಹುಬ್ಬಳ್ಳಿಯ ಅಭ್ಯಾಸದ ಬೆಲೆ ಇಲ್ಲಿ ಕಾಣುತ್ತದೆ.

ಇತಿಹಾಸದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲಿಸಬಹುದಾದ ಒಂದು ಲೆಕ್ಕವಿದೆ. 1975ರ ಮೊದಲ ವಿಶ್ವಕಪ್ಪಿನಲ್ಲಿ ಪೂರ್ವ ಆಫ್ರಿಕಾ ತಂಡದ ಎದುರು ಬೇಡಿಯವರು 12 ಓವರುಗಳಲ್ಲಿ 8 ಮೇಡನ್ ಸಹಿತ 6 ರನ್ ಕೊಟ್ಟು 1 ವಿಕೆಟ್ ಪಡೆದಿದ್ದರು. ಇಬ್ಬರೂ ಎಡಗೈ ಸ್ಪಿನ್ನರುಗಳು, ಇಬ್ಬರೂ ಕೊಟ್ಟದ್ದು ಆರೇ ರನ್. ಆದರೆ ಬೇಡಿಯವರ ಎದುರು ಇದ್ದದ್ದು ಹವ್ಯಾಸಿಗಳ ತಂಡ. ಜೋಶಿಯವರ ಎದುರು ಇದ್ದದ್ದು ಜಗತ್ತಿನ ಅತಿ ಬಲಿಷ್ಠ ತಂಡಗಳಲ್ಲಿ ಒಂದು.

ಒಂದು ದಿನದ ಗೆಲುವು ಇಡೀ ಪಂದ್ಯಾವಳಿಯ ಗೆಲುವಲ್ಲ ಎಂಬುದನ್ನೂ ಹೇಳಬೇಕು. ಅದೇ ಪಂದ್ಯಾವಳಿಯ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಭಾರತವನ್ನು ಸೋಲಿಸಿತು.

ಢಾಕಾದ ಒಂದು ಮೊದಲು

2000ದ ನವೆಂಬರ್ 10ರಂದು ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಲು ಇಳಿಯಿತು. ಎದುರಾಳಿ ಭಾರತ. ಸೌರವ್ ಗಂಗೂಲಿಗೆ ನಾಯಕರಾಗಿ ಅದು ಮೊದಲ ಟೆಸ್ಟ್. ಭುಜದ ಗಾಯದಿಂದ ಕುಂಬ್ಳೆ ತಂಡದಲ್ಲಿರಲಿಲ್ಲ. ಸ್ಪಿನ್ನಿನ ಭಾರ ಜೋಶಿಯವರ ಮೇಲೆ ಬಿತ್ತು.

ಹೊಸಬರು ಎಂದು ಯಾರೂ ಹಗುರಾಗಿ ಕಾಣುವಂತಿರಲಿಲ್ಲ. ಅಮಿನುಲ್ ಇಸ್ಲಾಂ 145 ರನ್ ಹೊಡೆದರು, ಬಾಂಗ್ಲಾದೇಶ 400 ಮುಟ್ಟಿತು. ಅಷ್ಟು ದೊಡ್ಡ ಮೊತ್ತದ ನಡುವೆಯೂ ಜೋಶಿ 142 ರನ್ ಕೊಟ್ಟು ಐದು ವಿಕೆಟ್ ಪಡೆದರು. ಬ್ಯಾಟು ಹಿಡಿದು ಕೆಳಕ್ರಮಾಂಕದಲ್ಲಿ ಬಂದು 92 ರನ್ ಹೊಡೆದರು. ಶತಕಕ್ಕೆ ಎಂಟು ರನ್ ಕಡಿಮೆ. ಭಾರತ 429 ಗಳಿಸಿ ಮುನ್ನಡೆ ಪಡೆಯಿತು. ಎರಡನೆಯ ಇನ್ನಿಂಗ್ಸಿನಲ್ಲಿ ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಜೋಶಿ 27 ರನ್ನಿಗೆ ಮೂರು ವಿಕೆಟ್. ಪಂದ್ಯಪುರುಷ ಪ್ರಶಸ್ತಿ ಅವರದಾಯಿತು.

ಇದಾದ ಮೇಲೆ ಅವರ ಸ್ಥಾನ ಭದ್ರವಾಗಿರಬೇಕು ಎಂದು ನೀವು ಊಹಿಸುವುದು ಸಹಜ. ಆದರೆ ಅದೇ ತಿಂಗಳು ಜಿಂಬಾಬ್ವೆಯ ಎದುರು ಆಡಿದ ನಂತರ ಅವರು ಮತ್ತೆ ಟೆಸ್ಟ್ ಆಡಲಿಲ್ಲ. 2001ರ ಫೆಬ್ರವರಿ-ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಎದುರು ಹರಭಜನ್ ಸಿಂಗ್ ಮೂರೇ ಟೆಸ್ಟುಗಳಲ್ಲಿ 32 ವಿಕೆಟ್ ಪಡೆದರು. ಕುಂಬ್ಳೆ ಗುಣವಾಗಿ ಮರಳಿದರು. ಬಾಗಿಲು ಮುಚ್ಚಿತು. 41 ಟೆಸ್ಟ್ ವಿಕೆಟ್, 69 ಒಂದು ದಿನದ ವಿಕೆಟ್, ಇಷ್ಟಕ್ಕೆ ಅಂತರರಾಷ್ಟ್ರೀಯ ಲೆಕ್ಕ ನಿಂತಿತು.

ಬಾಗಿಲು ಮುಚ್ಚಿದ ಮೇಲೆ

ಹೆಚ್ಚಿನ ಲೇಖನಗಳು ಇಲ್ಲಿಗೆ ಮುಗಿಯುತ್ತವೆ. ನನ್ನ ದೃಷ್ಟಿಯಲ್ಲಿ ನೀವು ಗಮನವಿಟ್ಟು ಓದಬೇಕಾದ ಭಾಗ ಇಲ್ಲಿಂದ ಶುರುವಾಗುತ್ತದೆ.

ಆಗ ಜೋಶಿಯವರಿಗೆ ಮೂವತ್ತು ವರ್ಷ. ಭಾರತ ತಂಡದ ಕರೆ ಬರದಿದ್ದರೂ ಅವರು ಇನ್ನೂ ಒಂದು ದಶಕ ಕರ್ನಾಟಕಕ್ಕೆ ಆಡಿದರು. ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ, ಟೆಲಿವಿಷನ್ ಕ್ಯಾಮೆರಾಗಳು ಹೆಚ್ಚಾಗಿ ಇಲ್ಲದ ಪಂದ್ಯಗಳಲ್ಲಿ ಅದೇ ಬೌಲಿಂಗ್ ಮುಂದುವರಿಸಿದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ಒಟ್ಟು ಗಳಿಕೆ 600ಕ್ಕೂ ಹೆಚ್ಚು ವಿಕೆಟ್, 5,000ಕ್ಕೂ ಹೆಚ್ಚು ರನ್. ರಣಜಿಯಲ್ಲಿ ಕರ್ನಾಟಕದ ಪರವಾಗಿ 400ಕ್ಕೂ ಮಿಕ್ಕಿ ವಿಕೆಟ್ ಪಡೆದ ಕೆಲವೇ ಬೌಲರುಗಳಲ್ಲಿ ಅವರೊಬ್ಬರು. 2012ರಲ್ಲಿ ನಿವೃತ್ತಿ ಪ್ರಕಟಿಸಿದರು.

ಅವರು ತರಬೇತಿದಾರರಾಗಿ ಹೋದ ಊರುಗಳನ್ನು ನೋಡಿ. ಹೈದರಾಬಾದ್, ಜಮ್ಮು ಮತ್ತು ಕಾಶ್ಮೀರ, ಅಸ್ಸಾಂ. ದೇಶದ ಹೊರಗೆ ಓಮನ್ ಮತ್ತು ಬಾಂಗ್ಲಾದೇಶ. ಹೈದರಾಬಾದನ್ನು ಬಿಟ್ಟರೆ ಇವೆಲ್ಲ ಕ್ರಿಕೆಟ್ಟಿನ ಪ್ರಧಾನ ಕೇಂದ್ರಗಳಿಂದ ದೂರದವು.

ಕಾಶ್ಮೀರದ ಕಥೆ ಕೇಳಿ. 2014ರ ಸೆಪ್ಟೆಂಬರಿನಲ್ಲಿ ಝೀಲಂ ನದಿ ಉಕ್ಕಿ ಶ್ರೀನಗರದ ಕ್ರಿಕೆಟ್ ಮೈದಾನವೂ ನೀರಲ್ಲಿ ಮುಳುಗಿತು. ಆಟಗಾರರಿಗೆ ತಮ್ಮೂರಿನಲ್ಲಿ ಅಭ್ಯಾಸಕ್ಕೆ ನೆಲವೇ ಇಲ್ಲದಂತಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಪರ್ವೇಜ್ ರಸೂಲ್ ನಾಯಕತ್ವದ, ಜೋಶಿ ತರಬೇತಿಯ ಆ ತಂಡ ಮುಂಬಯಿಗೆ ಹೋಗಿ, ಆವರೆಗೆ 40 ಸಲ ರಣಜಿ ಗೆದ್ದಿದ್ದ ಮುಂಬಯಿ ತಂಡವನ್ನು ಅದರದೇ ವಾಂಖೆಡೆ ಮೈದಾನದಲ್ಲಿ ನಾಲ್ಕು ವಿಕೆಟ್ಟುಗಳಿಂದ ಸೋಲಿಸಿತು. ಆಡಿ ಗೆದ್ದವರು ಆ ಹುಡುಗರು, ಕೀರ್ತಿ ಅವರದೇ. ಆದರೆ ಮೈದಾನ ದೂರವಿದ್ದರೆ ಏನು ಮಾಡಬೇಕು ಎಂಬುದನ್ನು ಬಲ್ಲ ಒಬ್ಬರು ಅವರ ಜೊತೆಗಿದ್ದರು.

ಬಾಂಗ್ಲಾದೇಶದ ಮೊದಲ ಟೆಸ್ಟಿನಲ್ಲಿ ಎಂಟು ವಿಕೆಟ್ ಕಿತ್ತವರೇ 2017ರಿಂದ 2019ರವರೆಗೆ ಆ ದೇಶದ ಸ್ಪಿನ್ನರುಗಳಿಗೆ ಪಾಠ ಹೇಳಿದರು. 2020ರ ಮಾರ್ಚಿನಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆ ವರ್ಷದ ಡಿಸೆಂಬರಿನವರೆಗೆ ಆ ಹೊಣೆ ಅವರದಿತ್ತು. ಆಸ್ಟ್ರೇಲಿಯಾ ಪ್ರವಾಸಕ್ಕೆ ಆ ಸಮಿತಿ ಆರಿಸಿದ ಟೆಸ್ಟ್ ತಂಡದಲ್ಲಿ ಹೈದರಾಬಾದಿನ ಆಟೋ ಚಾಲಕರ ಮಗ ಮೊಹಮ್ಮದ್ ಸಿರಾಜ್ ಇದ್ದರು. ಅದೇ ಪ್ರವಾಸಕ್ಕೆ ಅಭ್ಯಾಸದ ಬೌಲರ್ ಆಗಿ ಹೊರಟವರು ಸೇಲಂ ಬಳಿಯ ಹಳ್ಳಿಯ ಟಿ. ನಟರಾಜನ್. ಹಿರಿಯ ಬೌಲರುಗಳು ಗಾಯಗೊಂಡಾಗ ಇಬ್ಬರೂ 2021ರ ಜನವರಿಯಲ್ಲಿ ಬ್ರಿಸ್ಬೇನ್ ಟೆಸ್ಟ್ ಆಡಿದರು. ಭಾರತ ಅಲ್ಲಿ ಗೆದ್ದು ಸರಣಿಯನ್ನೂ ಗೆದ್ದಿತು.

ನಮಗೆ ಉಳಿಯುವ ಪ್ರಶ್ನೆ

ಈ ಕಥೆಯಿಂದ 'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆಯೊಂದನ್ನೇ ತೆಗೆದುಕೊಂಡು ಹೋದರೆ ಅರ್ಧ ಪಾಠ ಕಲಿತಂತೆ. ದಿನವೂ 120 ಕಿಲೋಮೀಟರ್ ಓಡಾಡಲು ಮನಸ್ಸಷ್ಟೇ ಸಾಲದು. ಪ್ರಯಾಣದ ಖರ್ಚು ಬೇಕು, ಕಳಿಸುವ ಮನೆ ಬೇಕು, ಹೊತ್ತಿಗೆ ಸರಿಯಾಗಿ ಹೋಗಿಬರಲು ಅನುಕೂಲ ಬೇಕು. ಜೋಶಿಯವರು ದಾಟಿ ಬಂದರು, ಅವರ ಹೆಸರು ನಮಗೆ ಗೊತ್ತಾಯಿತು. ಅದೇ ಕಾಲದಲ್ಲಿ ಕುಷ್ಟಗಿಯಲ್ಲೋ ಯಲಬುರ್ಗಿಯಲ್ಲೋ ಅಷ್ಟೇ ಚೆನ್ನಾಗಿ ಚೆಂಡು ತಿರುಗಿಸುತ್ತಿದ್ದು, ಹುಬ್ಬಳ್ಳಿಯವರೆಗೆ ಹೋಗಲಾಗದೆ ಹೊಲದ ಕೆಲಸಕ್ಕೆ ನಿಂತ ಹುಡುಗರು ಇದ್ದಿರಲಾರರೇ? ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ದಾಟಿದವರನ್ನು ಮೆಚ್ಚುವುದರ ಜೊತೆಗೆ ದೂರವನ್ನೇ ಕಡಿಮೆ ಮಾಡುವುದು ಸಮಾಜದ ಕರ್ತವ್ಯ. 2012ರಲ್ಲಿ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ರಣಜಿ ಪಂದ್ಯ ನಡೆಯಿತು. ಅದು ಒಂದು ಹೆಜ್ಜೆ. ತುಂಗಭದ್ರೆಯ ಈ ದಡಕ್ಕೆ ಇನ್ನೂ ಹಲವು ಹೆಜ್ಜೆಗಳಿವೆ.

ನಿಮ್ಮಲ್ಲಿ ಎಲ್ಲರೂ ಕ್ರಿಕೆಟ್ ಆಡುವವರಲ್ಲ. ಒಬ್ಬರಿಗೆ ಹಾಡಬೇಕು, ಒಬ್ಬರಿಗೆ ವೈದ್ಯರಾಗಬೇಕು, ಇನ್ನೊಬ್ಬರಿಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕು. ಯಾವುದೇ ಇರಲಿ, ನಿಮ್ಮ ಹುಬ್ಬಳ್ಳಿ ಎಲ್ಲಿದೆ, ಅಲ್ಲಿಗೆ ಎಷ್ಟು ದೂರ ಎಂದು ಇಂದೇ ಅಳೆದು ನೋಡಿ.

ಮಾತುಕತೆಗೆ ಕೆಲವು ಪ್ರಶ್ನೆಗಳು

1. ಒಬ್ಬ ಆಟಗಾರನ ಯೋಗ್ಯತೆಯನ್ನು ಆಡಿದ ಟೆಸ್ಟ್ ಪಂದ್ಯಗಳ ಸಂಖ್ಯೆಯಿಂದ ಅಳೆಯಬಹುದೇ? ರಾಜಿಂದರ್ ಗೋಯಲ್ ಉದಾಹರಣೆ ಇಟ್ಟುಕೊಂಡು ಚರ್ಚಿಸಿ.

2. ನಿಮ್ಮ ಶಾಲೆ ಅಥವಾ ಕಾಲೇಜಿನಿಂದ ಹತ್ತಿರದ ಆಟದ ಮೈದಾನ, ಗ್ರಂಥಾಲಯ, ಪ್ರಯೋಗಾಲಯ ಎಷ್ಟು ದೂರದಲ್ಲಿವೆ? ಒಂದು ಪಟ್ಟಿ ಮಾಡಿ. ಆ ದೂರ ಹುಡುಗರಿಗೂ ಹುಡುಗಿಯರಿಗೂ ಒಂದೇ ಆಗಿದೆಯೇ?

3. ಒಂದು ರಬ್ಬರ್ ಚೆಂಡನ್ನು ಎಡಗೈಯಿಂದಲೂ ಬಲಗೈಯಿಂದಲೂ ಬೆರಳಿನಿಂದ ತಿರುವಿ ಎಸೆಯಿರಿ. ನೆಲಕ್ಕೆ ಬಿದ್ದ ಮೇಲೆ ಅದು ಯಾವ ಕಡೆಗೆ ತಿರುಗಿತು? ಕಾರಣವನ್ನು ಗೆಳೆಯರಿಗೆ ವಿವರಿಸಿ.

4. ದೂರ ದಾಟಲು ಒಬ್ಬ ವಿದ್ಯಾರ್ಥಿ ಮಾಡಬೇಕಾದದ್ದೇನು, ಆ ದೂರವನ್ನು ಕಡಿಮೆ ಮಾಡಲು ಊರು ಮತ್ತು ಸರ್ಕಾರ ಮಾಡಬೇಕಾದದ್ದೇನು?